ಅಕ್ಕ ಉಸಿರು ಹಿಡಿದು ನಿಂತ ಫೋಟೋ

ನಾನು ಚಿಕ್ಕವನಿದ್ದಾಗ ನಮ್ಮ ಮನೆತನದ ಮದುವೆಗಳಲ್ಲಿ ಮೊದಲ ಅರಿಶಿನವನ್ನು ಮದುಮಗಳಿಗೆ ಹಚ್ಚುತ್ತಿರಲಿಲ್ಲ. ಹೊಲದ ಬದುವಿನಲ್ಲಿದ್ದ ಒಂದು ಕಲ್ಲಿಗೆ ಹಚ್ಚುತ್ತಿದ್ದರು. ಕುರಿಹಿಂಡನ್ನು ಉಳಿಸಲು ಚಿರತೆಯ ಮೇಲೆ ಬಿದ್ದು ಸತ್ತ ನಮ್ಮ ಹಿರಿಯನೊಬ್ಬನನ್ನು ಆ ಕಲ್ಲಿನಲ್ಲಿ ಕೆತ್ತಿದ್ದರು. ನಾವು ಅವನನ್ನು ಕಲ್ಲಜ್ಜ ಎನ್ನುತ್ತಿದ್ದೆವು. ಮದುಮಗಳು ತನ್ನ ಕೈಯಾರೆ ಅವನಿಗೆ ಅರಿಶಿನ ಮುಟ್ಟಿಸಿದ ಮೇಲೆಯೇ ಮನೆ ಮುಂದೆ ಚಪ್ಪರ ಏಳುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಆ ಹೊತ್ತಿಗೆ ಕಲ್ಲಜ್ಜ ಹೊಲದಲ್ಲಿರಲಿಲ್ಲ. ಹಳೆಯ ಶಿಲ್ಪಗಳನ್ನು ಕಾಪಾಡುವವರು ಬಂದು, ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಲಾರಿಯಲ್ಲಿ ಚಿತ್ರದುರ್ಗದ ಮ್ಯೂಸಿಯಂಗೆ ಒಯ್ದಿದ್ದರು. ಊರಿನವರೆಲ್ಲ ಹೆಮ್ಮೆಯಿಂದ ಕೈಮುಗಿದು ಕಳಿಸಿಕೊಟ್ಟಿದ್ದರು. ಮುಂದೆ ಮದುವೆಗಳು ಬರುತ್ತವೆ ಎಂಬುದು ಅಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ತಾಳ್ಯದಲ್ಲಿ ಬಸ್ಸು ಹತ್ತಿದರು. ಬಸ್ಸಿನ ತುಂಬ ಶೇಂಗಾ ಮೂಟೆಗಳ ಮಣ್ಣಿನ ವಾಸನೆ. ಅಕ್ಕನ ಮಡಿಲಲ್ಲಿ ಎಲೆಯೊಳಗೆ ಸುತ್ತಿದ ಅರೆದ ಅರಿಶಿನವಿತ್ತು.

ಮ್ಯೂಸಿಯಂ ಒಳಗೆ ಸುಣ್ಣದ ವಾಸನೆ, ಬರಿಗಾಲಿಗೆ ತಣ್ಣಗಿನ ನೆಲ. ಸಾಲಾಗಿ ನಿಂತ ದೇವರುಗಳ ಕೊನೆಯಲ್ಲಿ ಕಲ್ಲಜ್ಜ ಇದ್ದ. ಮುಂದೆ ಒಂದು ಹಗ್ಗ ಕಟ್ಟಿತ್ತು.

"ಲೇ, ಅಜ್ಜನ್ನ ಕಟ್ಟಿ ಹಾಕ್ಯಾರೆ ನೋಡೋ," ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿ ನಕ್ಕಳು.

ಕಾವಲುಗಾರ ಬಂದ. "ಮುಟ್ಟಂಗಿಲ್ಲ ಕಣಪ್ಪ. ಬರೇ ನೋಡ್ಬೇಕು."

"ನಮ್ಮಜ್ಜ ಕಣ್ರಿ ಇವ್ನು," ಎಂದರು ಅಪ್ಪ.

"ಯಾರ ಅಜ್ಜ ಆದ್ರೂ ಇಲ್ಲಿಗೆ ಬಂದ್ಮೇಲೆ ಸರ್ಕಾರದೋನೇ."

ಅಪ್ಪ ಎಷ್ಟು ಕೇಳಿಕೊಂಡರೂ ಅವನು ಒಪ್ಪಲಿಲ್ಲ. ಅಪ್ಪ ಗೋಡೆಗೆ ಒರಗಿ ಕುಳಿತುಬಿಟ್ಟರು. ಅರಿಶಿನ ಮುಟ್ಟಿಸದೆ ಹಿಂತಿರುಗಿದರೆ ಮನೆಯ ಹಿರಿಯರು ಚಪ್ಪರ ಹಾಕಲು ಬಿಡುವುದಿಲ್ಲ. ಅಕ್ಕನ ನಗು ಆಗ ನಿಂತಿತು.

ಅಂದು ಅಲ್ಲಿ ಫೋಟೋದವರೊಬ್ಬರು ಒಂದೊಂದೇ ಶಿಲ್ಪದ ಚಿತ್ರ ತೆಗೆಯುತ್ತಿದ್ದರು. ಮೂರು ಕಾಲಿನ ಕ್ಯಾಮೆರಾ, ಅದರ ಮೇಲೆ ಕರಿಬಟ್ಟೆ. ಶಿಲ್ಪದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಕಾವಲುಗಾರನನ್ನು ನಿಲ್ಲಿಸುತ್ತಿದ್ದರು. ಆ ಮೂಲೆಯಲ್ಲಿ ಬೆಳಕು ಕಡಿಮೆ. ಅವರು ಸಾಕು ಎನ್ನುವವರೆಗೂ ಅಲುಗಾಡಬಾರದಿತ್ತು. ಕಾವಲುಗಾರ ತಲೆ ಬಾಚಿಕೊಂಡು ಕಲ್ಲಜ್ಜನ ಪಕ್ಕ ನಿಂತ. ಫೋಟೋ ಅರ್ಧಕ್ಕೆ ಬಂದಾಗ ಸೀನಿದ. ಮತ್ತೆ ನಿಂತ, ಮತ್ತೆ ಸೀನಿದ.

"ನಿನ್ನ ಮೂಗಿಗೇ ನನ್ನ ಫಿಲಂ ಎಲ್ಲ ಹೋತು," ಎಂದು ಫೋಟೋದವರು ಸುತ್ತ ನೋಡಿದರು. ಅಕ್ಕ ಕಂಡಳು. "ನೀನು ನಿಂತ್ಕಳ್ತೀಯೇನಮ್ಮ? ತೂಗಾಡ್ಬಾರ್ದು. ಕಲ್ಲಿಗೆ ಕೈ ಆನಿಸ್ಕ."

"ಮುಟ್ಟಂಗಿಲ್ಲ ಸಾರ್," ಎಂದ ಕಾವಲುಗಾರ.

"ಹಂಗಾದ್ರೆ ನೀನೇ ನಿಂತ್ಕ, ಸೀನದಂಗೆ."

ಕಾವಲುಗಾರ ಹಗ್ಗ ಬಿಚ್ಚಿದ. ಅಕ್ಕ ಒಂದು ಗಳಿಗೆ ನಮ್ಮ ಕಡೆ ಬೆನ್ನು ತಿರುಗಿಸಿ ಮಡಿಲಿಗೆ ಕೈ ಹಾಕಿದಳು. ಆಮೇಲೆ ಕಲ್ಲಜ್ಜನ ಹೆಗಲ ಮೇಲೆ ಅಂಗೈ ಊರಿ ನಿಂತಳು. ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿಯಿತು. ಅವಳ ರೆಪ್ಪೆ ಕೂಡ ಆಡಲಿಲ್ಲ. ಅಪ್ಪ ಎದ್ದು ನಿಂತು ತಲೆಯ ರುಮಾಲು ತೆಗೆದರು. ನಾನೂ ಉಸಿರು ಹಿಡಿದೆ.

"ಸಾಕು," ಎಂದರು ಫೋಟೋದವರು.

ಅಕ್ಕ ಕೈ ತೆಗೆದಾಗ ಕಲ್ಲಿನ ಮೇಲೆ ಹಳದಿ ಅಂಗೈ ಮೂಡಿತ್ತು. ಕಾವಲುಗಾರ ಅದನ್ನು ನೋಡಿದ, ಅಕ್ಕನನ್ನು ನೋಡಿದ. "ನಾಳೆ ಒರೆಸ್ತೀನಿ. ಇವತ್ತು ಬಟ್ಟೆ ಇಲ್ಲ," ಎಂದ. ಬಟ್ಟೆ ಅವನ ಹೆಗಲ ಮೇಲೆಯೇ ಇತ್ತು.

ಮರುದಿನ ನಮ್ಮ ಮನೆ ಮುಂದೆ ಚಪ್ಪರ ಎದ್ದಿತು. ಅಕ್ಕ ಯಲ್ಲದಕೆರೆಗೆ ಸೊಸೆಯಾಗಿ ಹೋದಳು. ಅಲ್ಲಿಯೇ ಮಕ್ಕಳನ್ನು ಬೆಳೆಸಿದಳು, ಮೊಮ್ಮಕ್ಕಳನ್ನು ಆಡಿಸಿದಳು. ಈ ವರ್ಷ ತೀರಿಕೊಂಡಳು. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಫೋನು ಮಾಡಬೇಕೆಂದು ಈಗಲೂ ಅನಿಸುತ್ತದೆ. ಮದುವೆಗೆ ಮುಂಚಿನ ಅವಳ ಮುಖ ಒಂದು ಚಿತ್ರದಲ್ಲಾದರೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಕಳೆದ ತಿಂಗಳು ಮ್ಯೂಸಿಯಂನವರು ತಮ್ಮ ಹಳೆಯ ಫೋಟೋಗಳನ್ನು ದಶಕಕ್ಕೊಂದು ಗೋಡೆಯಂತೆ ತೂಗುಹಾಕಿದ್ದರು. ಮೊಮ್ಮಕ್ಕಳಾದ ನೀವೆಲ್ಲ ನನ್ನ ಜೊತೆ ಬಂದಿದ್ದಿರಿ. ಎಪ್ಪತ್ತರ ಗೋಡೆಯ ಮುಂದೆ ನನ್ನ ಕಾಲುಗಳು ನಿಂತುಬಿಟ್ಟವು. ಎರಡು ಜಡೆ, ಗಟ್ಟಿಯಾಗಿ ಮುಚ್ಚಿದ ತುಟಿ, ಕಲ್ಲಿನ ಮೇಲೆ ಕೈ. ನಾನು ಈ ಕಥೆಯನ್ನೆಲ್ಲ ನಿಮಗೆ ಹೇಳಿದ್ದು ಅಲ್ಲಿಯೇ.

ಮಕ್ಕಳೇ, ನೀವು ಒಂದು ಮಧ್ಯಾಹ್ನದಲ್ಲಿ ಎಷ್ಟು ಫೋಟೋ ತೆಗೆಯುತ್ತೀರೋ ನಿಮಗೇ ಗೊತ್ತಿರುವುದಿಲ್ಲ. ನಕ್ಕರೂ, ಓಡಿದರೂ, ಸೀನಿದರೂ ನಿಮ್ಮ ಫೋನು ಹಿಡಿಯುತ್ತದೆ. ನೋಡಿದರೆ ನನಗೆ ಸಂತೋಷ. ನಮ್ಮ ಕಾಲದಲ್ಲಿ ಒಂದು ಚಿತ್ರಕ್ಕೆ ಅಷ್ಟು ಹೊತ್ತು ಕಲ್ಲಾಗಬೇಕಿತ್ತು.

ಅಂದು ನಾನು ಕಥೆ ಮುಗಿಸುವಷ್ಟರಲ್ಲಿ ಯಾರೋ ಒಬ್ಬರು ಬಂದು ಫೋಟೋದ ಕೆಳಗಿನ ಸಾಲನ್ನು ಜೋರಾಗಿ ಓದಿದರು: "ಶಿಲ್ಪದ ಎತ್ತರ ತೋರಿಸಲು ನಿಂತ ಮಹಿಳೆ." ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಅವರ ಅಂಗಿ ಜಗ್ಗಿ ಹೇಳಿದಳು.

"ಎತ್ತರಕ್ಕಲ್ಲ ಅಂಕಲ್, ಅವ್ರು ಮದುವೆಗೆ ನಿಂತಿರೋದು. ನಮ್ಮಜ್ಜನ ಅಕ್ಕ."