ಚಿತ್ತಾಪುರದಿಂದ ತಿರುಗಿ ಹೋದ ಅಣ್ಣ

ನನ್ನ ಮಗಳ ನಿಶ್ಚಯಕ್ಕೆ ಇರುವ ಒಬ್ಬನೇ ಸೋದರಮಾವ ಬರಲಿಲ್ಲ. ಶಹಾಬಾದಿನಿಂದ ಸೇಡಂಗೆ ಅದೆಷ್ಟು ದೂರ? ಬೀಗರೆಲ್ಲ ಕೇಳಿದರು. ಉತ್ತರ ಹೇಳಿ ಹೇಳಿ ಸಾಕಾಗಿ ಸಂಜೆ ಅಣ್ಣನಿಗೆ ಫೋನ್ ಮಾಡಿದೆ.

‘ಬಸ್ ತಪ್ಪಿತು ತಂಗಿ’ ಅಂದ.

‘ನಾ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳಿಬಿಡು’ ಅಂದವಳೇ ಫೋನ್ ಇಟ್ಟೆ. (ನನ್ನ ಬಾಯಿ ಎಂಥದ್ದು ಅಂತ ನಿಮಗೂ ಈಗ ಗೊತ್ತಾಯಿತಲ್ಲ.)

ವಾರವಾದರೂ ಸಿಟ್ಟು ಇಳಿಯಲಿಲ್ಲ. ಎದುರಿಗೇ ಜಗಳ ಆಡೋಣ ಅಂತ ಶಹಾಬಾದಿಗೆ ಹೋದೆ. ಅಣ್ಣ ತಲೆ ಕಟಿಂಗಿಗೆ ಹೋಗಿದ್ದ. ಅವನ ಹೆಂಡತಿ, ನಮ್ಮ ವೈನಿ, ಒಬ್ಬರೇ ರೊಟ್ಟಿ ಬಡಿಯುತ್ತಿದ್ದರು.

ಅಣ್ಣ ಇಪ್ಪತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತಿ ಲಾರಿಗೆ ತುಂಬಿದವನು. ಸೊಂಟದ ಡಿಸ್ಕ್ ಜಾರಿತು. ಆರು ತಿಂಗಳ ಹಿಂದೆ ಆಪರೇಷನ್ ಆಯಿತು. ನೋವು ಹೋಯಿತು, ಆದರೆ ಬಲಗಾಲಿನ ಪಾದ ಮೇಲೇಳಲಿಲ್ಲ. ಎಳೆದೇ ನಡೆಯುತ್ತಾನೆ. ನರ ಸುಧಾರಿಸಲು ಟೈಮ್ ಬೇಕು ಅಂದಿದ್ದರು ಡಾಕ್ಟರು. ನಮಗೆ ಗೊತ್ತಿದ್ದದ್ದು ಇಷ್ಟೇ.

‘ಬಸ್ ತಪ್ಪಿಲ್ಲವ್ವ’ ಅಂದರು ವೈನಿ. ‘ಅರ್ಧ ದಾರಿ, ಚಿತ್ತಾಪುರ ತನಕ ಹೋಗಿದ್ರು. ಅಲ್ಲಿ ಧೋತರ ಒದ್ದಿ ಆಗಿಬಿಟ್ಟದ. ಆಪರೇಷನ್ ಆದಾಗಿಂದ ಒಂದಕ್ಕ ಬಂದದ್ದೇ ತಿಳಿಯಂಗಿಲ್ಲ ಅವರಿಗೆ.’

ನನ್ನ ಮಗಳಿಗೆಂದು ಕೊಂಡಿದ್ದ ಸೀರೆಯ ಚೀಲವನ್ನು ಮುಂದೆ ಅಡ್ಡ ಹಿಡಿದುಕೊಂಡು ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಇಳಿದನಂತೆ. ಕೂತರೆ ಬೆಂಚು ಹೊಲಸಾಗುತ್ತದೆ ಅಂತ, ಧೋತರ ಒಣಗುವವರೆಗೆ ಆ ಸೋತ ಕಾಲಿನಲ್ಲೇ ಕಂಬ ಹಿಡಿದು ನಿಂತಿದ್ದನಂತೆ. ಆಮೇಲೆ ವಾಪಸ್ ಬಸ್ ಹತ್ತಿದ.

ಅದೇ ಹೊತ್ತಿಗೆ ನಾನು ಸೇಡಂನಲ್ಲಿ ಬೀಗರ ಮುಂದೆ ಅವನನ್ನು ಬೈಯುತ್ತಿದ್ದೆ.

ಅಣ್ಣ ಬಂದ. ನನ್ನ ಮುಖ ನೋಡಿದ ಕೂಡಲೇ ವೈನಿ ಹೇಳಿದ್ದಾರೆ ಅಂತ ಅವನಿಗೆ ಗೊತ್ತಾಯಿತು.

‘ಡಾಕ್ಟರಿಗೆ ಯಾಕ ಹೇಳಲಿಲ್ಲ?’

‘ಸೊಂಟದ ಬ್ಯಾನಿ ಹ್ಯಾಂಗದ ಅಂತ ಕೇಳಿದ್ರು. ಈಗ ನೋವಿಲ್ರಿ ಅಂದೆ. ಬಾಜೂಕ ನರ್ಸಬಾಯಿ ನಿಂತಿದ್ದಳು. ಈ ಮಾತು ಹ್ಯಾಂಗ ತೆಗೀಲಿ?’

‘ನನಗಾದ್ರೂ ಹೇಳಬಾರದಿತ್ತೇನು?’

‘ನೀ ಸಣ್ಣಾಕಿದ್ದಾಗ ನಿನ್ನ ಚಡ್ಡಿ ತೊಳದಾವ ನಾ. ಇದನ್ನ ನಿನ್ನ ಮುಂದ ಹೇಳಲೇನು?’

ಆಡಬೇಕು ಅಂತ ತಂದಿದ್ದ ಜಗಳ ಬಿಟ್ಟು ಅವನ ಆಪರೇಷನ್ ಕಾಗದ ಹುಡುಕತೊಡಗಿದೆ.

ಮರುದಿನವೇ ಕಲಬುರಗಿಗೆ ಕರೆದುಕೊಂಡು ಹೋದೆವು. ಈ ಸಲ ಡಾಕ್ಟರ ಮುಂದೆ ನಾನೇ ಬಾಯಿ ಬಿಟ್ಟೆ. ಅಣ್ಣ ಗೋಡೆ ನೋಡುತ್ತ ಕೂತಿದ್ದ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ‘ಫರಕು ಕಂಡ ದಿನಾನೇ ಬರಬೇಕಿತ್ರಿ. ನರದ ವಿಷಯದಾಗ ಒಂದೊಂದು ತಾಸೂ ಲೆಕ್ಕಕ್ಕ ಬರ್ತದ. ಈಗ ಎಷ್ಟು ತಿರುಗಿ ಬರ್ತದ ಹೇಳಾಕ ಆಗಂಗಿಲ್ಲ’ ಅಂದರು.

ಒಂದೊಂದು ತಾಸು. ನಾವು ಕಳೆದದ್ದು ಆರು ತಿಂಗಳು.

ಆ ಆರು ತಿಂಗಳಲ್ಲಿ ನಾನು ವಾರಕ್ಕೆರಡು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲ ಕೇಳಿದ್ದು ಒಂದೇ: ‘ಸೊಂಟ ಹ್ಯಾಂಗದ?’ ಸೊಂಟ ಚೆನ್ನಾಗಿಯೇ ಇತ್ತು. ಅಣ್ಣ ಸುಳ್ಳು ಹೇಳಲಿಲ್ಲ. (ನೀವಾಗಿದ್ದರೆ ಇನ್ನೇನು ಕೇಳುತ್ತಿದ್ದಿರಿ?)

ಮೂತ್ರ ಪೂರ್ತಿ ಹೋಗದೆ ಒಳಗೇ ತುಂಬಿ ಸೋರುತ್ತಿತ್ತಂತೆ; ಈಗ ದಿನಕ್ಕೆ ನಾಲ್ಕು ಸಲ ಸಣ್ಣ ನಳಿಕೆ ಹಾಕಿ ತೆಗೆಯಬೇಕು. ಅದನ್ನು ವೈನಿ ಕಲಿತಿದ್ದಾರೆ. ಆ ಹೊತ್ತಿನಲ್ಲಿ ಅವನು ಮುಖದ ಮೇಲೆ ಟವೆಲ್ ಹಾಕಿಕೊಳ್ಳುತ್ತಾನಂತೆ.

ಬರುವ ತಿಂಗಳು ಮಗಳ ಮದುವೆ. ಮಂಟಪದಲ್ಲಿ ಸೋದರಮಾವ ಬೇಕು. ಬಾ ಅಂತ ಹಟ ಹಿಡಿಯಲೋ, ಬರದಿದ್ದರೂ ನಡೆಯುತ್ತದೆ ಬಿಡು ಅನ್ನಲೋ?

ಎರಡರಲ್ಲಿ ಯಾವುದು ಅವನನ್ನು ಕಡಿಮೆ ನೋಯಿಸುತ್ತದೆ, ಹೇಳಿ.