ತಮ್ಮ ಮಾತ್ರೆ ಬೇಡವೆಂದ ಶುಕ್ರವಾರ

ಇಪ್ಪತ್ತು ವರ್ಷ ಕುವೈತಿನಲ್ಲಿ ನರ್ಸ್ ಆಗಿದ್ದವಳು ನಾನು. ರೋಗಿಗಳ ಸುಳ್ಳು ನನ್ನ ಹತ್ತಿರ ನಡೆಯುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಸ್ವಂತ ತಮ್ಮನೇ ನನಗೆ ಚೆನ್ನಾಗಿ ಟೋಪಿ ಹಾಕಿದ.

ಅವನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಬಜಪೆಯ ನಮ್ಮ ಮನೆಯಲ್ಲಿ ಹೊತ್ತುಹೊತ್ತಿಗೆ ಮಾರ್ಫಿನ್ ಮಾತ್ರೆ ಕೊಡುವುದು ನನ್ನ ಕೆಲಸ. ನೋವು ಹತೋಟಿಗೆ ಬಂದಿತ್ತು. ಸಾವಿನ ಹೆದರಿಕೆ ಮಾತ್ರ ಯಾವ ಮಾತ್ರೆಗೂ ಬಗ್ಗಲಿಲ್ಲ. ನಾನು ಸ್ನಾನಕ್ಕೆ ಹೋದರೂ ಗಾಬರಿಯಾಗಿ ಕೂಗುತ್ತಿದ್ದ.

ತಿಂಗಳ ಮೊದಲ ಶುಕ್ರವಾರ ಪಾದ್ರಿ ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ತರುತ್ತಾರೆ. ಹಿಂದಿನ ದಿನ ತಮ್ಮ ಹೇಳಿದ, "ಬಾಯ್, ನಾಳೆ ಪ್ರಸಾದ ತಗೊಳ್ಳುವವರೆಗೆ ಮಾತ್ರೆ ಬೇಡ. ಪೂರಾ ಉಪವಾಸ ಮಾಡ್ತೇನೆ."

ಅಕ್ಕನನ್ನು ನಾವು ಬಾಯ್ ಎಂದೇ ಕರೆಯುವುದು. ಪ್ರಸಾದಕ್ಕೆ ಮುಂಚಿನ ಉಪವಾಸ ಔಷಧಿಯಿಂದ ಮುರಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಇಗರ್ಜಿಯ ಕಡೆ ತಲೆ ಹಾಕದವನ ಬಾಯಲ್ಲಿ ಈ ಮಾತು ಕೇಳಿ ಅಮ್ಮ ಸಂತೋಷದಿಂದ ಅತ್ತಳು, ನಾನೂ ಕರಗಿದೆ. ಎರಡು ಹೊತ್ತಿನ ಮಾತ್ರೆ ತಪ್ಪಿಸಿದೆ. ನರ್ಸ್ ಆದವಳು ಮಾಡುವ ಕೆಲಸವೇ ಅದು?

ಪಾದ್ರಿ ಬಂದು ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಕಿಟಕಿಯ ಪರದೆ ನೋಡಿ ನಗತೊಡಗಿದ. ಮಾರ್ಫಿನ್ ತೆಗೆದುಕೊಳ್ಳುವವರ ಕಣ್ಣಪಾಪೆ ಸಾಸಿವೆಯಷ್ಟಿರುತ್ತದೆ. ಅವನದು ಅಗಲವಾಗಿ ಅರಳಿತ್ತು.

"ಎಂತ ತಗೊಂಡಿ?" ಎಂದೆ.

"ಅಮಲಿನ ಅಣಬೆಪುಡಿ. ಗೋವಾದ ದೋಸ್ತಿ ತಂದುಕೊಟ್ಟದ್ದು. ಸಾಯುವವರ ಹೆದರಿಕೆ ಹೋಗ್ತದಂತೆ. ಹೋದ ವಾರ ತಗೊಂಡಾಗ ಎಂತದೂ ಆಗ್ಲಿಲ್ಲ. ನಿನ್ನ ಮಾತ್ರೆ ಅದನ್ನು ಅಡಗಿಸ್ತದೆ, ಮಾರಾಯ್ತಿ."

ಉಪವಾಸದ ಗುಟ್ಟು ಅದಾಗಿತ್ತು. ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ನೋವು ಅವನನ್ನು ಹಿಡಿಯಿತು. ಅಂಥ ಕೂಗನ್ನು ವಾರ್ಡಿನಲ್ಲಿ ಎಂದೂ ಕೇಳಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಅಣಬೆಯ ವಿಷಯ ಹೇಳಿದೆ.

"ಎರಡೂ ಒಂದನ್ನೊಂದು ಎಳೀತವೆ," ಎಂದರು ಅವರು. "ಮಾರ್ಫಿನ್ ಕೊಟ್ಟರೆ ಅಣಬೆಯ ಅಮಲು ಮಂಕಾಗಬಹುದು. ಅದು ಒಳಗಿರುವಾಗ ಮಾರ್ಫಿನ್ ಎಷ್ಟು ಹಿಡೀತದೆ ಅಂತ ನಮಗೂ ಪೂರಾ ಗೊತ್ತಿಲ್ಲ. ಸ್ವಲ್ಪ ಕೊಡಿ, ಪಕ್ಕದಲ್ಲೇ ಕೂತು ಉಸಿರು ನೋಡ್ತಾ ಇರಿ. ನಾನು ಹೊರಟೆ."

ಕೊಟ್ಟೆ. ಡಾಕ್ಟರು ಬಂದು ಇನ್ನಷ್ಟು ಕೊಟ್ಟರು. ಕೂಗು ನಿಂತಿತು. ಮುಖದ ಬೆಳಕೂ ಹೋಯಿತು. ಮಧ್ಯಾಹ್ನ ಎಚ್ಚರವಾದಾಗ ತಮ್ಮ ಗೋಡೆಯ ಕಡೆ ತಿರುಗಿಯೇ ಮಾತಾಡಿದ.

"ನೋವಿತ್ತು, ಹೌದು. ಆದರೆ ಸಾಯ್ಲಿಕ್ಕೆ ಹೆದರಿಕೆ ಇರ್ಲಿಲ್ಲ ಬಾಯ್. ಅರ್ಧ ಗಂಟೆ. ಅದನ್ನೂ ತೆಗೆದುಬಿಟ್ಟಿ."

ಆ ಪುಡಿಯ ಇನ್ನೊಂದು ಪೊಟ್ಟಣ ಇದ್ದದ್ದನ್ನು ನಾನೇ ಹುಡುಕಿ ಬಚ್ಚಲಿಗೆ ಸುರಿದೆ. ಸರಿಯಾದದ್ದನ್ನೇ ಮಾಡಿದಿರಿ ಎಂದರು ಡಾಕ್ಟರು. ಇರಬಹುದು.

ಎಂಟು ದಿನಗಳ ನಂತರ ಅವನು ತೀರಿಕೊಂಡ. ನೋವಿರಲಿಲ್ಲ, ಅಷ್ಟನ್ನು ನಾನು ನೋಡಿಕೊಂಡೆ. ಆದರೆ ಕೊನೆಯ ಉಸಿರಿನವರೆಗೂ ಹೆದರುತ್ತಲೇ ಇದ್ದ.