ನೀರಿಗೆ ಅಂಕ ಹಾಕುವ ಮಧುಮತಿ

ಎಲ್ಲಿಯ ನೀರನ್ನು ಕಾಪಾಡಲೇಬೇಕೆಂದು ಗುರುತಿಸುವುದು ಮಧುಮತಿಯ ನೌಕರಿ. ಅವಳ ಅಂಕ ಬಿದ್ದ ನೀರಿಗೆ ಕಾವಲು, ಬೀಳದ್ದು ಯಾರದೋ ಪಾಲು. ಜಮಖಂಡಿಯಿಂದ ಬೀಳಗಿಯವರೆಗೆ ಅವಳು ಕಾಲಿಡದ ಹಳ್ಳವಿಲ್ಲ. ಮದುವೆಯ ಊಟಕ್ಕೆ ಕುಳಿತರೂ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವವಳು. ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಸರು ಮೂಸಿ, ಬಿಳಿ ತಟ್ಟೆಯಲ್ಲಿ ಈಜುವ ನೀರಹುಳಗಳನ್ನು ನೋಡುತ್ತ ಮೈಮರೆತಳೆಂದರೆ ಊರಿನ ಬಸ್ಸು ಹೋದದ್ದೂ ತಿಳಿಯದು. ಅಂಕ ಹಾಕುವಾಗ ಮಾತ್ರ ಮಹಾ ಜಿಪುಣಿ. "ಛಂದ ಐತಿ ಅಂತ ಅಂಕ ಕೊಡಾಕ ಇದೇನ್ ಕನ್ಯಾ ನೋಡೂದೇನವಾ? ಇಲ್ಲಿ ಯಾವ್ಯಾವ ಜೀವ ಸಂಸಾರ ಮಾಡಾಕತ್ತಾವ, ಅದನ್ನ ಹೇಳು" ಎಂದು ಜೊತೆಗೆ ಕೆಲಸ ಮಾಡುವ ರೇಷ್ಮಾಳನ್ನು ಗದರುತ್ತಾಳೆ. ಅಂಥವಳು, ಬೀಳಗಿಯ ಹಿನ್ನೀರಿನಲ್ಲಿ ದೋಣಿ ಒಂದು ಜಾಗಕ್ಕೆ ಬಂದಿತೆಂದರೆ ಚಪ್ಪಲಿ ಕಳಚಿಡುತ್ತಾಳೆ. ಅಲ್ಲಿ ನೀರು ನಿದ್ದೆಯಲ್ಲಿ ಉಸಿರಾಡುವಂತೆ ಏರಿಳಿಯುತ್ತದೆ. ಮೀನಿನ ಮರಿಗಳು ಬಿಸಿಲನ್ನೇ ಮೇಯುತ್ತಿವೆಯೇನೋ ಎನ್ನಿಸುತ್ತದೆ. "ಇಲ್ಲಿ ಗುಡಿ ಮುಳುಗೈತೇನ್ರಿ ಅಕ್ಕಾರ?" ಎಂದು ರೇಷ್ಮಾ ಒಮ್ಮೆ ಕೇಳಿದಳು. ಮಧುಮತಿ ನೀರಿನಿಂದ ಕಣ್ಣು ತೆಗೆಯಲಿಲ್ಲ. "ಇಲ್ಲವಾ, ಕೆಳಗ ನಮ್ಮ ಅಡಿಗಿಮನಿ ಐತಿ. ಈಗ ಮೀನು ಸಂಸಾರ ಹೂಡ್ಯಾವು. ಇದಕ್ಕ ಅಂಕ ನೀನ ಹಾಕು. ನಾ ಹಾಕಿದ್ರ ಪೂರಾ ಕೊಟ್ಟುಬಿಡ್ತೇನಿ."